ಮೊದಲ ಬಸ್ಸು ಹೊರಡುವ ಮುನ್ನ ಕಣ್ಣು ನೋಡಿದವರು

ನ್ಯಾಮತಿಯ ಪೇಟೆಬೀದಿಯಲ್ಲಿ ಷಣ್ಮುಖಪ್ಪನವರ ಬೀಜ-ಗೊಬ್ಬರದ ಅಂಗಡಿ ಬಾಗಿಲು ತೆಗೆದೊಡನೆ ಒಂದು ವಾಸನೆ ಬೀದಿಗೆ ಇಳಿದು ಬರುತ್ತಿತ್ತು. ಕೊಳೆತ ಬೆಳ್ಳುಳ್ಳಿಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಬಿಸಿಲಿಗಿಟ್ಟಂಥ ವಾಸನೆ. ಶಾಲೆಯಿಂದ ಬಂದ ಮಗಳು ಹೊಸ್ತಿಲಿನಾಚೆಯೇ ನಿಲ್ಲಬೇಕೆಂಬುದು ಅವರ ಕಟ್ಟಪ್ಪಣೆ. ಸಂಜೆ ಮನೆಗೆ ಬಂದವರು ಬಚ್ಚಲಿಗೆ ಹೋಗಿ ಸೋಪಿನಿಂದ ಕೈ ತೊಳೆದು, ಮತ್ತೆ ಬೂದಿ ಹಚ್ಚಿ ತೊಳೆದು, ಆಮೇಲಷ್ಟೇ ಮಗಳ ತಲೆ ಮುಟ್ಟುತ್ತಿದ್ದರು. "ಯಾಕಪ್ಪ ಅಷ್ಟು ತೊಳೀತೀಯ?" ಎಂದು ಒಮ್ಮೆ ಕೇಳಿದ್ದಕ್ಕೆ, "ಹುಳ ಯಾವುದು, ಮನುಷ್ಯ ಯಾವುದು ಅಂತ ಈ ಔಷಧಿಗೆ ಫರಕು ಗೊತ್ತಾಗಲ್ಲವ್ವ" ಎಂದಿದ್ದರು. ಆ ಮಾತಿಗೆ ಹುಡುಗಿ ಅಂದು ರಾತ್ರಿ ನಿದ್ದೆ ಮಾಡಲಿಲ್ಲ.

ಆ ಹುಡುಗಿಯೇ ಈ ತಿಂಗಳ ಕೊನೆಗೆ ಚನ್ನಗಿರಿಯಲ್ಲಿ ಸೇವೆಯಿಂದ ನಿವೃತ್ತರಾಗುತ್ತಿರುವ ನೇತ್ರಾಧಿಕಾರಿ ಶ್ರೀಮತಿ ಪುಷ್ಪಾವತಿಯವರು. ನೇತ್ರಾಧಿಕಾರಿ ಎಂದರೆ ನಮ್ಮ ಕಡೆಯ ಜನಕ್ಕೆ ಕನ್ನಡಕದ ನಂಬರು ಹೇಳುವವರು, ಪೊರೆ ಬಂದ ಅಜ್ಜ-ಅಜ್ಜಿಯರನ್ನು ಆಪರೇಷನ್ನಿಗೆ ಕಳಿಸುವವರು. ಈ ಕೆಲಸಗಳನ್ನು ಪುಷ್ಪಾವತಿಯವರು ಶ್ರದ್ಧೆಯಿಂದ ಮಾಡಿದರು. ಆದರೆ ಅವರಿಗೆ ಈ ಸೀಮೆಯ ವೈದ್ಯಕೀಯ ಸೇವೆಯಲ್ಲಿ ಸಲ್ಲುವ ಬೇರೆಯೇ ಒಂದು ಸ್ಥಾನವಿದೆ. ಕಣ್ಣು ಎಷ್ಟು ದೂರ ನೋಡುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾಗ, ಆ ಕಣ್ಣಿನ ಹಿಂದಿರುವ ಮನುಷ್ಯ ಎಚ್ಚರವಾಗಿದ್ದಾನೆಯೇ, ಈ ಗಳಿಗೆಯಲ್ಲಿ ಅವನ ಕೈಗೆ ಬಸ್ಸೊಂದನ್ನು ಒಪ್ಪಿಸಬಹುದೇ ಎಂದು ಕೇಳಿದವರು ಅವರು. ಕಣ್ಣ ನಡುವಿನ ಕಪ್ಪು ಪಾಪೆ ಬೆಳಕಿಗೆ ಹೇಗೆ ಕುಗ್ಗುತ್ತದೆ, ಕತ್ತಲೆಗೆ ಹೇಗೆ ಅರಳುತ್ತದೆ ಎಂಬುದನ್ನು ನೋಡಿ ಅದನ್ನು ತಿಳಿಯಬಹುದೆಂದು ಅವರು ನಂಬಿದ್ದರು. ಆ ನಂಬಿಕೆಗೆ ಬೇರು ಭಯ. ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ.

ಸೇವೆ ಮೊದಲಾದದ್ದು ಜಗಳೂರಿನಲ್ಲಿ. ಅಕ್ಷರ ಬಾರದ ಮುದುಕಿಯರ ಮುಂದೆ ಅಕ್ಷರದ ಹಲಗೆ ಹಿಡಿದರೆ ಅವರು ನಾಚಿ ತಲೆ ತಗ್ಗಿಸುತ್ತಾರೆಂದು ಕಂಡು, ಬಳೆ, ಬೀಗ, ಬಾಚಣಿಗೆಗಳ ಚಿತ್ರಗಳನ್ನು ತಾವೇ ಬರೆದು ತೂಗುಹಾಕಿದ್ದರು. ಆಪರೇಷನ್ನಿನ ಪಟ್ಟಿ ಬಿಚ್ಚಿದ ದಿನ ಕನ್ನಡಿ ಬೇಡವೆನ್ನುವವರಿಗೆ ಬೇಡ, ಮೊಮ್ಮಗುವಿನ ಮುಖ ನೋಡಬೇಕೆನ್ನುವವರಿಗೆ ಮೊದಲು ಮೊಮ್ಮಗು. ಇಂಥ ಸಣ್ಣ ಸಣ್ಣ ಸೂಕ್ಷ್ಮಗಳು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ. ಜಗಳೂರಿನ ಮನೆಗಳಲ್ಲಿ ಮಾತ್ರ ಇನ್ನೂ ಉಳಿದಿವೆ.

ಹೊನ್ನಾಳಿಗೆ ವರ್ಗವಾದ ಮೇಲೆ ಲಾರಿ, ಬಸ್ಸುಗಳ ಚಾಲಕರ ದೃಷ್ಟಿಪರೀಕ್ಷೆ ಅವರ ಪಾಲಿಗೆ ಬಂತು. ಅಲ್ಲೊಬ್ಬ ಲಾರಿ ಚಾಲಕ ಹಲಗೆಯ ಕಟ್ಟಕಡೆಯ ಸಾಲನ್ನು ಹಾಡಿನಂತೆ ಓದಿ, ನಗುತ್ತ ಹೋಗಿದ್ದ. ಕೆಲವೇ ದಿನಗಳಲ್ಲಿ ಅವನ ಲಾರಿ ರಸ್ತೆಬದಿಯಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ನುಗ್ಗಿತು. ಬ್ರೇಕು ಹಾಕಿದ ಗುರುತೇ ರಸ್ತೆಯ ಮೇಲೆ ಇರಲಿಲ್ಲವಂತೆ. ಎರಡು ದಿನ ನಿದ್ದೆಯಿಲ್ಲದೆ ಓಡಿಸುತ್ತಿದ್ದನಂತೆ. ಎಲ್ಲರೂ ಹಣೆಬರಹ ಎಂದರು. ಪುಷ್ಪಾವತಿಯವರು ಮಾತ್ರ, ಕಣ್ಣು ಸರಿಯಿತ್ತಲ್ಲ, ಆದರೂ ಅದು ನೋಡಲಿಲ್ಲವಲ್ಲ ಎಂದು ತಿಂಗಳುಗಟ್ಟಲೆ ಕೊರಗಿದರು. ಆಗಿನಿಂದಲೇ ಅವರು ಪಾಪೆಯ ವಿಚಾರ ಓದತೊಡಗಿದ್ದು. ನಿದ್ದೆಗೆಟ್ಟವನ ಪಾಪೆ ಒಂದೇ ಅಳತೆಯಲ್ಲಿ ನಿಲ್ಲದೆ ಗಾಳಿಗೆ ಸಿಕ್ಕ ದೀಪದ ಹಾಗೆ ಹೊಯ್ದಾಡುತ್ತದೆ, ಮದ್ಯ ಸೇವಿಸಿದವನದು ಬೆಳಕಿಗೆ ಸೋಮಾರಿಯಾಗಿ ಸ್ಪಂದಿಸುತ್ತದೆ, ಕೆಲವು ಮಾತ್ರೆ ನುಂಗಿದವರದು ಬಿಗಿದುಕೊಂಡಿರುತ್ತದೆ ಎಂಬುದನ್ನೆಲ್ಲ ಓದಿ, ಕಂಡು, ದೊಡ್ಡ ವೈದ್ಯರನ್ನು ಕೇಳಿ ತಿಳಿದುಕೊಂಡರು. ಪಾಪೆಯೊಂದನ್ನೇ ನಂಬಿ ಯಾರ ಮೇಲೂ ತೀರ್ಪು ಕೊಡಬಾರದೆಂಬುದನ್ನೂ ಅಷ್ಟೇ ಚೆನ್ನಾಗಿ ತಿಳಿದುಕೊಂಡರು.

ಚನ್ನಗಿರಿಗೆ ಬಂದ ಮೇಲೆ ಖಾಸಗಿ ಬಸ್ಸುಗಳ ಮಾಲೀಕರಾದ ಪಂಚಾಕ್ಷರಪ್ಪನವರನ್ನು ಒಪ್ಪಿಸಿ, ಆಸ್ಪತ್ರೆಯ ಕೆಲಸ ಆರಂಭವಾಗುವ ಮುನ್ನ ಅವರ ಬಸ್ಸುಗಳ ಅಂಗಳಕ್ಕೆ ಹೋಗಿ ಚಾಲಕರ ಕಣ್ಣು ನೋಡುವ ಪರಿಪಾಠ ಇಟ್ಟುಕೊಂಡರು. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುತ್ತೇವಷ್ಟೇ. ಚಾಲಕರು ಅವರಿಗೆ 'ಬ್ಯಾಟ್ರಿ ಮೇಡಂ' ಎಂದೇ ಹೆಸರಿಟ್ಟರು.

"ಬೆಳಬೆಳಿಗ್ಗೆ ಕಣ್ಣಾಗೆ ಬ್ಯಾಟ್ರಿ ಬಿಟ್ಟು ಏನು ಹುಡುಕ್ತೀರಿ ಮೇಡಂ? ನನ್ನ ಹೆಂಡ್ತಿ ಮದುವಿ ಆದಾಗಿಂದ ಹುಡುಕ್ತಾಳೆ, ಏನೂ ಸಿಕ್ಕಿಲ್ಲ" ಎಂದು ಹಿರಿಯ ಚಾಲಕ ಮರುಳಪ್ಪನವರು ರೇಗಿಸುತ್ತಿದ್ದರು.

"ಸಿಕ್ಕರೆ ಮೊದಲು ಅವರಿಗೇ ಹೇಳ್ತೀನಿ. ಈಗ ಕಣ್ಣು ಅಗಲಿಸ್ರಿ" ಎನ್ನುತ್ತಿದ್ದರು ಇವರು.

ಎರಡು ವರ್ಷದ ಹಿಂದೆ ಕಂಪನಿಯೊಂದು ಪರೀಕ್ಷಾರ್ಥವಾಗಿ ಒಂದು ಯಂತ್ರ ಕೊಟ್ಟಿತು. ಹಣೆಗೆ ಆನಿಸಿಕೊಂಡು ಎರಡು ಕಣ್ಣುಗಳನ್ನೂ ಒಳಗಿಟ್ಟರೆ ಬೆಳಕು ಮಿಂಚಿಸಿ, ಪಾಪೆ ಸ್ಪಂದಿಸಿದ ವೇಗ ಅಳೆದು, ಹಸಿರು ಅಥವಾ ಕೆಂಪು ತೋರಿಸುವ ಯಂತ್ರ. ಅಂಗಳದವರ ಬಾಯಲ್ಲಿ ಅದು 'ಡಬ್ಬಿ' ಆಯಿತು. ಪುಷ್ಪಾವತಿಯವರು ಶಿಬಿರಗಳಿಗೆ ಹೋದ ದಿನ ಅಂಗಳದ ಮೇಲ್ವಿಚಾರಕ ಪರಮೇಶ್ ಡಬ್ಬಿ ಹಿಡಿಯುತ್ತಿದ್ದರು. ಆದರೆ ಡಬ್ಬಿಗೆ ಒಂದು ತೊಡಕು ಬಂತು. ನಮ್ಮ ಚಾಲಕರು ಸ್ನಾನ ಮಾಡಿ, ಮೂರು ಬೆರಳಿನ ವಿಭೂತಿ ಧರಿಸಿ, ಬಸ್ಸಿನ ಗಾಜಿಗೂ ಅದನ್ನೇ ಬಳಿದು, ಊದುಬತ್ತಿ ಬೆಳಗಿದ ಮೇಲಲ್ಲದೆ ಸ್ಟೇರಿಂಗ್ ಮುಟ್ಟುವವರಲ್ಲ. ಹಣೆಯ ವಿಭೂತಿ ಉದುರಿ ಡಬ್ಬಿಯ ಒಳಗಾಜಿನ ಮೇಲೆ ಕೂರುತ್ತಿತ್ತು; ಡಬ್ಬಿ ಹಸಿರೂ ಅಲ್ಲದೆ ಕೆಂಪೂ ಅಲ್ಲದೆ 'ಓದಲಾಗಲಿಲ್ಲ' ಎನ್ನುತ್ತಿತ್ತು. ಕಂಪನಿಯವರು, ಹಣೆ ಒರೆಸಿಕೊಂಡು ಬರಲಿ ಎಂದರು.

"ಹಣೆ ಬರಿದು ಮಾಡ್ಕಂಡು ಗಾಡಿ ಎತ್ತೋದಾ? ಅದಕ್ಕಿಂತ ಮನೇಲಿ ಮಲಗೋದು ವಾಸಿ" ಎಂದು ಮರುಳಪ್ಪನವರು ಹೆಗಲ ಮೇಲಿನ ಟವೆಲು ಕೊಡವಿ ಎದ್ದೇಬಿಟ್ಟರು.

ಆಗ ಪುಷ್ಪಾವತಿಯವರು ತಮ್ಮ ಹಳೆಯ ನೂಲಿನ ಸೀರೆಯನ್ನು ಕತ್ತರಿಸಿ, ಅಂಚು ಹೊಲಿದು, ಮೆತ್ತನೆಯ ಬಟ್ಟೆಗಳನ್ನು ತಂದುಕೊಟ್ಟರು. ಹಣೆ ಒರೆಸುವುದು ಬೇಡ, ಡಬ್ಬಿ ಒರೆಸೋಣ. ಅವರವರ ನಂಬಿಕೆಗೂ ನೋವಾಗದೆ ಕೆಲಸವೂ ಸಾಗುವಂಥ ಈ ಏರ್ಪಾಟಿನಲ್ಲಿ ಅವರ ಸ್ವಭಾವವೆಲ್ಲ ಇದೆ. ಆದರೆ ಬರಬರುತ್ತ ಅದೇ ಅಂಗಳದ ರೂಢಿಯಾಯಿತು. ಡಬ್ಬಿ ಓದದಿದ್ದರೆ ವಿಭೂತಿ, ವಿಭೂತಿಯಾದರೆ ಒರೆಸು, ಒರೆಸಿದ ಮೇಲೆ ಕಳಿಸು. ಒಳ್ಳೆಯತನದಿಂದ ಹುಟ್ಟಿದ ರೂಢಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಕಳೆದ ಮಾಗಿಯ ಒಂದು ಬೆಳಿಗ್ಗೆ. ಚನ್ನಗಿರಿಯಿಂದ ಸೂಳೆಕೆರೆಯ ಮೇಲೆ ಬಸವಾಪಟ್ಟಣಕ್ಕೆ ಹೋಗುವ ಮೊದಲ ಬಸ್ಸು. ಅದರ ತುಂಬ ಶಾಲೆ-ಕಾಲೇಜಿನ ಮಕ್ಕಳು. ಚಾಲಕ ಜುಂಜಪ್ಪನವರು, ಹಾರನ್ ಹೊಡೆಯಲೂ ಸಂಕೋಚಪಡುವ ಮಿತಭಾಷಿ. ಪುಷ್ಪಾವತಿಯವರು ಅಂದು ಸ್ವಲ್ಪ ತಡವಾಗಿ ಅಂಗಳದ ಗೇಟು ಮುಟ್ಟಿದಾಗ ಬಸ್ಸು ಹೊರಗೆ ತಿರುಗುತ್ತಿತ್ತು. ದಿನವೂ ಕೈಯೆತ್ತಿ ನಮಸ್ಕರಿಸುವ ಜುಂಜಪ್ಪನವರು ಅಂದು ಎದುರಿಗೇ ನಿಂತವರನ್ನು ಕಾಣದವರಂತೆ ಮುಂದೆ ಸಾಗಿದರು. ಮೈ ನಡುಗುವ ಆ ಚಳಿಯಲ್ಲಿ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಬಸ್ಸು ಹಾದುಹೋದ ಗಾಳಿಯಲ್ಲಿ, ಡೀಸೆಲ್ಲಿನ ಹೊಗೆಯ ಅಡಿಯಲ್ಲಿ, ಇನ್ನೊಂದು ವಾಸನೆಯಿತ್ತು. ಪುಷ್ಪಾವತಿಯವರು ಅಲ್ಲೇ ನಿಂತರು. ಅದು ಅಪ್ಪನ ಅಂಗಡಿಯ ವಾಸನೆ.

ಒಳಗೆ ಪರಮೇಶ್ ಡಬ್ಬಿ ಒರೆಸುತ್ತ ಕುಳಿತಿದ್ದರು.

"ಪರಮೇಶ್, ಜುಂಜಪ್ಪನವರಿಗೆ ಡಬ್ಬಿ ಏನಂತು?"

"ಓದ್ಲಿಲ್ಲ ಮೇಡಂ, ವಿಭೂತಿ. ಒರೆಸ್ದೆ, ಆಗ್ಲೂ ಓದ್ಲಿಲ್ಲ. ಟೈಮಾತು, ಹುಡುಗ್ರು ಒಂದೇ ಸಮ ಕೂಗ್ತಿದ್ರು, ಕಳಿಸ್ದೆ."

"ನೀವು ಅವರ ಕಣ್ಣು ನೋಡಿದ್ರಾ?"

"ನೋಡ್ದೆ. ಪಾಪೆ ಸಾಸಿವೆ ಕಾಳಿನಷ್ಟೇ ಇತ್ತು. ಲೈಟ್ ಬಿದ್ದು ಹಂಗಾಗೈತೆ ಅನ್ಕಂಡೆ."

"ಹಣೆ ಮೇಲೆ ವಿಭೂತಿ ಇತ್ತಾ?"

ಪರಮೇಶ್ ಕೈಯಲ್ಲಿದ್ದ ಬಟ್ಟೆ ನೋಡಿದರು. ಅದು ಶುಭ್ರವಾಗಿ, ಒಂದು ಕಣ ಹುಡಿಯೂ ಇಲ್ಲದೆ ಇತ್ತು.

"ಇರ್ಲಿಲ್ಲ ಮೇಡಂ. ಇವತ್ತು ಹಣೆ ಬರಿದಿತ್ತು."

ವಿಭೂತಿ ಇಲ್ಲವೆಂದರೆ ಸ್ನಾನವಿಲ್ಲ. ಸ್ನಾನವಿಲ್ಲವೆಂದರೆ ಹೊಲದಿಂದ ನೇರವಾಗಿ ಬಂದಿದ್ದಾರೆ. ಪಾಪೆ ಸಾಸಿವೆಯಷ್ಟಾಗಿದೆ, ಚಳಿಯಲ್ಲಿ ಬೆವರುತ್ತಿದ್ದಾರೆ, ಮೈಯಲ್ಲಿ ಆ ವಾಸನೆ ಇದೆ. ಹುಳಕ್ಕೆ ಹೊಡೆಯುವ ಔಷಧಿ ಚರ್ಮದಿಂದ ಒಳಗಿಳಿದಿದೆ. ಅಷ್ಟು ಕಿರಿದಾದ ಪಾಪೆಯನ್ನು ಡಬ್ಬಿ ಓದಲಾರದು; ಅದರಿಂದ ಲೋಕವೆಲ್ಲ ಮುಸ್ಸಂಜೆಯಂತೆ ಮಬ್ಬಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಕೈಕಾಲಿನ ಬಲ ಹೋಗುತ್ತದೆ, ಉಸಿರು ಕಟ್ಟುತ್ತದೆ. ಬಸ್ಸು ಹೋಗುತ್ತಿರುವುದು ಕೆರೆಯ ಕಡೆಗೆ. ರಸ್ತೆಯ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಕಣ್ಣು ಹಾಯುವಷ್ಟು ದೂರ ನೀರು.

ಜುಂಜಪ್ಪನವರಿಗೆ ಫೋನು ಮಾಡಿದರೆ ಅದು ಪರಮೇಶರ ಮೇಜಿನ ಡ್ರಾಯರಿನಲ್ಲೇ ಗುಂಯ್‌ಗುಟ್ಟಿತು. ಗಾಡಿ ಓಡಿಸುವಾಗ ಚಾಲಕರ ಬಳಿ ಫೋನು ಇರಬಾರದೆಂದು ಹಟ ಹಿಡಿದು ನಿಯಮ ಮಾಡಿಸಿದವರು ಪುಷ್ಪಾವತಿಯವರೇ. ಕಂಡಕ್ಟರ್ ನಾಗರಾಜ್ ಅವರ ಫೋನು ವ್ಯಾಪ್ತಿಯ ಹೊರಗಿತ್ತು. ಮತ್ತೆ ಮಾಡಿದರು, ಮತ್ತೆ ಅದೇ ದನಿ.

ಅಷ್ಟರಲ್ಲಿ ನೆನಪಾದವರು ಸಿದ್ದಲಿಂಗಮ್ಮನವರು. ಕೆರೆಗೆ ಮುಂಚೆ ಸಿಗುವ ಕೈಮರದಲ್ಲಿ ಚಹದಂಗಡಿ ಇಟ್ಟಿರುವ ಅವರ ಕಣ್ಣಿನ ಪೊರೆ ತೆಗೆಸಿ, ಔಷಧಿ ಬಿಡುವ ಹೊತ್ತನ್ನು ನೆನಪಿಸಲು ತಿಂಗಳಿಡೀ ದಿನವೂ ಫೋನು ಮಾಡುತ್ತಿದ್ದ ಕಾರಣ ಆ ನಂಬರು ಇವರ ಬಳಿ ಇತ್ತು.

"ಸಿದ್ದಲಿಂಗಮ್ಮಾರೇ, ಚನ್ನಗಿರಿಯ ಮೊದಲ್ನೇ ಬಸ್ಸು ದಾಟಿ ಹೋತಾ?"

"ಇಲ್ರೀ ಮೇಡಂ, ಇನ್ನೇನು ಬರಬೇಕು. ಯಾಕ್ರೀ ದನಿ ಹಿಂಗಾಗೈತೆ?"

"ಅದನ್ನ ಕೆರೆ ಕಡೆ ಬಿಡಬೇಡ್ರಿ. ಡ್ರೈವರಿಗೆ ಹುಷಾರಿಲ್ಲ. ಏನಾರ ಮಾಡಿ ನಿಲ್ಲಿಸ್ರಿ."

"ಅಯ್ಯೋ ಶಿವನೇ! ಅದು ಇಲ್ಲಿ ನಿಲ್ಲಂಗಿಲ್ರೀ, ಕೈ ಮಾಡಿದ್ರೂ ನಿಲ್ಲಲ್ಲ. ಇರ್ಲಿ, ನೋಡೇಬಿಡ್ತೀನಿ. ಏಯ್, ಚಾ ಆಮ್ಯಾಲೆ ಕುಡೀರ್ಲಾ, ಏಳ್ರಿ ಬೆಂಚಿನಿಂದ!"

ಫೋನು ಕಡಿಯಿತು. ಪುಷ್ಪಾವತಿಯವರು ಆಂಬುಲೆನ್ಸಿಗೆ ಕರೆ ಮಾಡಿ, ಪರಮೇಶರ ಬೈಕಿನ ಹಿಂದೆ ಕುಳಿತರು. ಆ ದಾರಿಯುದ್ದಕ್ಕೂ ಅವರು ಎಡಕ್ಕೆ ಬಂದ ಪ್ರತಿಯೊಂದು ಹಳ್ಳವನ್ನೂ, ಮುರಿದ ಪ್ರತಿಯೊಂದು ಬೇಲಿಯನ್ನೂ ನೋಡುತ್ತ ಹೋದರು. ದೂರದಲ್ಲಿ ಹೊಗೆ ಕಂಡಿತು. ಹತ್ತಿರ ಹೋದರೆ ಯಾರೋ ಕಸ ಸುಡುತ್ತಿದ್ದರು. ಒಂದು ತಿರುವಿನಲ್ಲಿ ಜನ ಗುಂಪಾಗಿ ನಿಂತದ್ದು ಕಂಡು ಪರಮೇಶರ ಹೆಗಲನ್ನು ಗಟ್ಟಿಯಾಗಿ ಹಿಡಿದರು; ಅವರು ಬೇರೆ ಬಸ್ಸಿಗೆ ಕಾಯುತ್ತಿದ್ದ ಕೂಲಿಯವರು.

ಕೈಮರದಲ್ಲಿ ಚಹದಂಗಡಿಯ ಬೆಂಚುಗಳೆಲ್ಲ ರಸ್ತೆಗೆ ಅಡ್ಡವಾಗಿದ್ದವು. ಅವುಗಳ ಮುಂದೆ ಸಿದ್ದಲಿಂಗಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಬಸ್ಸಿನ ಮೂತಿ ಅವರಿಂದ ಒಂದು ಮಾರು ದೂರದಲ್ಲಿತ್ತು. ಕೊನೆಯ ಗಳಿಗೆಯವರೆಗೂ ಅದು ವೇಗ ತಗ್ಗಿಸಲಿಲ್ಲವಂತೆ. ಕಂಡಕ್ಟರ್ ನಾಗರಾಜ್ ಕಿರುಚಿದ ಮೇಲೆ ಬ್ರೇಕು ಬಿತ್ತಂತೆ. ಒಳಗೆ ಮಕ್ಕಳು ಅಳುತ್ತಿದ್ದರು. ಜುಂಜಪ್ಪನವರು ಸ್ಟೇರಿಂಗಿಗೆ ಹಣೆ ಆನಿಸಿ ಕುಳಿತಿದ್ದರು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಪುಷ್ಪಾವತಿಯವರ ದನಿ ಕೇಳಿ ತಲೆಯೆತ್ತಿದರು.

"ಮೇಡಂ, ಇವತ್ತು ಯಾಕೆ ಇನ್ನೂ ಬೆಳಕೇ ಹರಿದಿಲ್ಲ?"

ಆ ಹೊತ್ತಿಗೆ ಬಿಸಿಲು ಅವರ ಮುಖದ ಮೇಲೆಯೇ ಬಿದ್ದಿತ್ತು.

ಅವರನ್ನು ಇಳಿಸಿ, ಅಂಗಿ ಬಿಚ್ಚಿಸಿ, ಚಹದಂಗಡಿಯ ನೀರೆಲ್ಲ ಬಳಸಿ ಸೋಪು ಹಚ್ಚಿ ತೊಳೆದರು. ಖಾಕಿಯ ಒಳಗೆ ಇನ್ನೊಂದು ಅಂಗಿ ಇತ್ತು; ಔಷಧಿಯಲ್ಲಿ ತೊಯ್ದು ಮೈಗೆ ಅಂಟಿಕೊಂಡಿತ್ತು. ಪಾಪಣ್ಣ ಎಂಬ ನೆರೆಯವರು ಇವರ ಹೊಲಕ್ಕೆ ಮುಯ್ಯಾಳಾಗಿ ದುಡಿದಿದ್ದರು; ಆ ಮುಯ್ಯಿ ತೀರಿಸಲು ಜುಂಜಪ್ಪನವರು ನಸುಕಿನಲ್ಲೇ ಅವರ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಲು ಹೋಗಿದ್ದರು. ಬೆನ್ನಿನ ಪಂಪು ಸೋರುತ್ತಿತ್ತು. ಬಸ್ಸಿಗೆ ತಡವಾದೀತೆಂದು ಮೇಲೊಂದು ಖಾಕಿ ತೊಟ್ಟು ಬಂದುಬಿಟ್ಟಿದ್ದರು. ಆಂಬುಲೆನ್ಸು ಬಂತು. ಸರಿಯಾದ ಚುಚ್ಚುಮದ್ದು ಸರಿಯಾದ ಹೊತ್ತಿಗೆ ಬಿತ್ತು. ಆದರೂ ಮೂರು ದಿನ, ಉಳಿಯುತ್ತಾರೆಂದು ಯಾವ ವೈದ್ಯರೂ ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿ ಭೀಮಕ್ಕ ವಾರ್ಡಿನ ಬಾಗಿಲಲ್ಲಿ ಕುಳಿತಿದ್ದರು. ಪುಷ್ಪಾವತಿಯವರು ಬಂದಾಗಲೆಲ್ಲ ಎದ್ದು ನಿಂತು ಮುಖವನ್ನೇ ನೋಡುತ್ತಿದ್ದರು. "ಪಾಪೆ ಸ್ವಲ್ಪ ಅರಳೈತೆ" ಎಂದು ಇವರು ಹೇಳಿದ ದಿನ ಭೀಮಕ್ಕ ಮೊದಲ ಸಲ ಅತ್ತರು.

ಜೀವ ಉಳಿಯಿತು, ಮಾನದ ಮೇಲೆ ಬಂತು. ಕುಡಿದು ಬಸ್ಸು ಓಡಿಸಿದನೆಂದು ಊರೆಲ್ಲ ಗುಲ್ಲಾಯಿತು. ಮಾಲೀಕ ಪಂಚಾಕ್ಷರಪ್ಪನವರು ಆಸ್ಪತ್ರೆಗೇ ಬಂದು, ಇನ್ನು ಇವರಿಗೆ ಬಸ್ಸು ಕೊಡಲಾರೆ ಎಂದರು.

"ಸಾಹುಕಾರ್ರೇ, ಅವರು ಏನೂ ಕುಡಿದಿಲ್ಲ. ಮೈಗೆ ಅಂಟಿದ್ದ ಔಷಧಿ ಒಳಗೆ ಇಳಿದೈತೆ" ಎಂದರು ಪುಷ್ಪಾವತಿಯವರು.

"ನಿಮ್ಮ ಮಾತು ನಾನು ಒಪ್ತೀನ್ರೀ. ಮಕ್ಕಳ ತಂದೆ-ತಾಯಿಗೆ ಏನು ಹೇಳ್ಲಿ? ಅವರು ಹೆದರ್ಯಾರೆ."

"ನಾನೂ ಹೆದರಿದೀನಿ ಅಂತ ನೀವು ಹೇಳ್ರಿ. ನಾನೂ ಅದನ್ನೇ ಹೇಳ್ತೀನಿ. ಹೆದರಿದೋರೆಲ್ಲ ಸೇರಿ ಇನ್ಮೇಲೆ ಸರಿಯಾಗಿ ನೋಡಾನ."

ಹಾಗೆಯೇ ಹೇಳಿದರು. ಶಾಲೆಯ ಸಭೆಯಲ್ಲಿ ನಿಂತು, ತಾವೇ ತಂದುಕೊಟ್ಟ ಬಟ್ಟೆಯಿಂದ ರೂಢಿ ಹೇಗೆ ಕೆಟ್ಟಿತೆಂಬುದನ್ನೂ ಬಿಡದೆ ವಿವರಿಸಿದರು. ಅಂದಿನಿಂದ ಅಂಗಳದ ಪದ್ಧತಿ ಬದಲಾಯಿತು. ಡಬ್ಬಿ ಓದದಿದ್ದರೆ ಬಸ್ಸು ಹೊರಡುವುದಿಲ್ಲ. ಬ್ಯಾಟ್ರಿ ಹಿಡಿದು ಕಣ್ಣು ನೋಡಲೇಬೇಕು. ಹೊಲಕ್ಕೆ ಔಷಧಿ ಹೊಡೆದಿರಾ ಎಂದು ಪ್ರತಿಯೊಬ್ಬರನ್ನೂ ಕೇಳಬೇಕು. ಹೌದೆಂದವರಿಗೆ ಬೈಗುಳವಿಲ್ಲ, ಸೋಪು, ಬಿಸಿನೀರು, ಒಗೆದ ಖಾಕಿ ಅಂಗಿ, ಆ ದಿನಕ್ಕೆ ಬದಲಿ ಚಾಲಕ. ಬೈದರೆ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಸಾಯುತ್ತಾರೆ ಎಂಬುದು ಅವರ ಕಾರಣ. ಈಗ ಹೊನ್ನಾಳಿಯ ಕೆಲವು ಬಸ್ಸಿನವರೂ ಈ ಪದ್ಧತಿಯನ್ನು ಕೇಳಿ ತಿಳಿದುಕೊಂಡು ಹೋಗಿದ್ದಾರೆ.

ಈ ಹಿರಿಯ ಸೋದರಿಗೆ ಆಯುಸ್ಸು, ಆರೋಗ್ಯಗಳು ತುಂಬಿ ಬರಲಿ. ನಿವೃತ್ತಿ ಎಂಬುದು ಕಚೇರಿಯ ಕುರ್ಚಿಗೆ ಮಾತ್ರ ಅನ್ವಯಿಸಲಿ. ಮುಂಜಾನೆಯ ಅಂಗಳಕ್ಕೆ ಅವರು ಬರುವುದು ನಿಲ್ಲದಿರಲಿ, ಅವರಿಂದ ಕಲಿತ ಕೈಗಳು ನಾಲ್ಕೂ ತಾಲ್ಲೂಕುಗಳಲ್ಲಿ ಹೆಚ್ಚಲಿ. ಅವರನ್ನು ಎಂದೂ ಬಿಡದ ಆ ಭಯ ಇನ್ನಾದರೂ ರಾತ್ರಿಯ ಹೊತ್ತು ಅವರನ್ನು ನೆಮ್ಮದಿಯಾಗಿ ಮಲಗಗೊಡಲಿ ಎಂದು ಅವರ ಸ್ನೇಹವಲಯದ ನಾವೆಲ್ಲರೂ ಬೇಡಿಕೊಳ್ಳುತ್ತೇವೆ.

ಜುಂಜಪ್ಪನವರು ಮತ್ತೆ ಬಸ್ಸು ಹತ್ತಿದ ದಿನದ ಮಾತನ್ನು ಹೇಳದೆ ಈ ಲೇಖನ ಮುಗಿಸಲಾಗದು. ವೈದ್ಯರು ಅನುಮತಿ ಕೊಟ್ಟಿದ್ದರು, ಡಬ್ಬಿ ಹಸಿರು ತೋರಿಸಿತ್ತು. ಆದರೂ ಪುಷ್ಪಾವತಿಯವರು ಬ್ಯಾಟ್ರಿ ಹಿಡಿದು ಪಾಪೆ ಕುಗ್ಗುವುದನ್ನೂ ಅರಳುವುದನ್ನೂ ಮತ್ತೆ ಮತ್ತೆ ನೋಡಿದರು. ಬಾಗಿಲಲ್ಲಿ ನಿಂತ ತಾಯಂದಿರು ಮಕ್ಕಳ ಕೈ ಬಿಡಲಿಲ್ಲ. ಯಾರೂ ಹತ್ತಲಿಲ್ಲ. ಜುಂಜಪ್ಪನವರು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ನೆಟ್ಟ ನೋಟದಿಂದ ಮುಂದೆಯೇ ನೋಡುತ್ತಿದ್ದರು.

ಆಗ ಪುಷ್ಪಾವತಿಯವರು ತಾವೇ ಹತ್ತಿ ಮೊದಲ ಸೀಟಿನಲ್ಲಿ ಕುಳಿತರು. ಒಬ್ಬ ತಾಯಿ ಮಗಳನ್ನು ಅವರ ಪಕ್ಕದಲ್ಲಿ ಕೂರಿಸಿದಳು. ಆಮೇಲೆ ಉಳಿದವರು ಬಂದರು. ಬಸ್ಸು ಕೈಮರ ದಾಟಿತು, ಕೆರೆಯ ನೀರು ಕಿಟಕಿಗೆ ಬಂತು. ಪುಷ್ಪಾವತಿಯವರು ಎದುರಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಮುಂದಿನ ಕನ್ನಡಿಯಲ್ಲಿ ಚಾಲಕರ ಕಣ್ಣುಗಳನ್ನೇ ನೋಡುತ್ತಿದ್ದರು. ಪಕ್ಕದ ಹುಡುಗಿ, "ಆಂಟಿ, ಹೆದರಿಕೆ ಆಗ್ತೈತಾ?" ಎಂದಳು. "ಹೂಂ ಕಣವ್ವ" ಎಂದರು. ಬಸ್ಸು ತಿರುವುಗಳನ್ನು ಒಂದೊಂದಾಗಿ, ನಿಧಾನವಾಗಿ, ಸರಿಯಾಗಿ ತೆಗೆದುಕೊಂಡಿತು.

ಬಸವಾಪಟ್ಟಣದಲ್ಲಿ ಮಕ್ಕಳೆಲ್ಲ ಇಳಿದ ಮೇಲೂ ಪುಷ್ಪಾವತಿಯವರಿಗೆ ಕಂಬಿಯಿಂದ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ಸೀಟಿನಿಂದ ಭೀಮಕ್ಕ ಎದ್ದು ಬಂದರು. ಅವರೂ ಅದೇ ಬಸ್ಸಿನಲ್ಲಿ ಅಷ್ಟು ದೂರವೂ ಕುಳಿತಿದ್ದುದು ಆಗಲೇ ಗೊತ್ತಾದದ್ದು. ಮಡಿಲಲ್ಲಿದ್ದ ಬುತ್ತಿಗಂಟನ್ನು ತೆಗೆದು, ಇನ್ನೂ ಬಿಸಿಯಾಗಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯದ ಆ ಗಂಟನ್ನು ಪುಷ್ಪಾವತಿಯವರ ಕೈಯಲ್ಲಿಟ್ಟು ಇಳಿದು ಹೋದರು.